ಪ್ರತಿ ಎರಡು ವರ್ಷಕ್ಕೊಮ್ಮೆ ಅದೇ ಮಸೂದೆ

ಮಿಶಿಗನ್ ರಾಜ್ಯದ ಡಿಯರ್‌ಬಾರ್ನ್ ಹತ್ತಿರ ಒಂದು ಆಸ್ಪತ್ರೆಯಲ್ಲಿ ನಾನು ಬಿಲ್ಲಿಂಗ್ ಕೆಲಸ ಮಾಡುತ್ತೇನೆ. ಕೌಂಟರಿಗೆ ಬರುವವರಲ್ಲಿ ವಯಸ್ಸಾದವರೇ ಜಾಸ್ತಿ. ಪರ್ಸ್ ಬಿಚ್ಚುತ್ತಾರೆ. ಒಂದೊಂದೇ ಕಾರ್ಡು ಹಿಂದೆ ಮುಂದೆ ಸರಿಸುತ್ತಾರೆ. ಕೊನೆಗೆ ಕೆಂಪು, ಬಿಳಿ, ನೀಲಿ ಬಣ್ಣದ ಒಂದು ತೆಳು ಕಾಗದದ ಕಾರ್ಡು ಹೊರಗೆ ಬರುತ್ತದೆ. ಅಂಚು ಸವೆದು ಮೆತ್ತಗಾಗಿರುತ್ತದೆ. ಅದು ಮೆಡಿಕೇರ್ ಕಾರ್ಡು. ಅಮೆರಿಕದಲ್ಲಿ 65 ತುಂಬಿದವರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಹಿರಿಯರು ಬಂದಿದ್ದರು. ಫೋರ್ಡ್ ಕಂಪನಿಯ ರೂಜ್ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಕಾರ್ಡನ್ನು ಕೌಂಟರಿನ ಮೇಲಿಟ್ಟು, ಬೆರಳಿನಿಂದ ಎರಡು ಸಲ ತಟ್ಟಿ, ಇದಕ್ಕೆ ಸುತ್ತಿಗೆ ಬಡಿದದ್ದು ನಮ್ಮ ಜಾನ್ ಡಿಂಗೆಲ್, ಗೊತ್ತಾ ಅಂದರು. ನನಗೆ ಗೊತ್ತಿರಲಿಲ್ಲ. ಹಿಂದೆ ಸಾಲಿನಲ್ಲಿ ನಾಲ್ಕು ಜನ ಕಾಯುತ್ತಿದ್ದರು. ಅವರು ಆತುರಪಡದೆ ಹೇಳಿದರು, ನಾನು ಕೇಳಿದೆ. ಮನೆಗೆ ಹೋಗಿ ಓದಲು ಶುರು ಮಾಡಿದೆ. ಇಷ್ಟು ವರ್ಷ ಕಳೆದರೂ ಆ ಓದು ನಿಂತಿಲ್ಲ.

ಜಾನ್ ಡಿಂಗೆಲ್ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಕೆಳಮನೆಯಲ್ಲಿ 59 ವರ್ಷ 21 ದಿನ ಕೂತವರು. ಆ ದೇಶದ ಇತಿಹಾಸದಲ್ಲಿ ಬೇರೆ ಯಾರೂ ಕಾಂಗ್ರೆಸ್ಸಿನಲ್ಲಿ ಅಷ್ಟು ವರ್ಷ ಇದ್ದಿಲ್ಲ. ಐಸೆನ್‌ಹೋವರ್ ಕಾಲದಲ್ಲಿ ಒಳಗೆ ಹೋದರು, ಒಬಾಮಾ ಕಾಲದಲ್ಲಿ ಹೊರಗೆ ಬಂದರು. ಒಟ್ಟು ಹನ್ನೊಂದು ಅಧ್ಯಕ್ಷರನ್ನು ಕಂಡರು. ಸುದ್ದಿಯಲ್ಲಿ ಈ ಲೆಕ್ಕವೇ ಮೊದಲು ಬರುತ್ತದೆ. ನನ್ನನ್ನು ಹಿಡಿದದ್ದು ಈ ಲೆಕ್ಕ ಅಲ್ಲ, ಅವರ ತಂದೆಯ ಕಥೆ.

ತಂದೆಯ ಹೆಸರೂ ಜಾನ್ ಡಿಂಗೆಲ್. ಪೋಲೆಂಡಿನಿಂದ ಬಂದ ಕುಟುಂಬ. ಅವರಿಗೆ ಚಿಕ್ಕ ವಯಸ್ಸಿನಲ್ಲೇ ಕ್ಷಯ ಬಂತು. ಬದುಕುವುದು ಕಷ್ಟ ಅಂದರು ಡಾಕ್ಟರು. ಒಣ ಗಾಳಿ ಬೇಕು ಅಂತ ಕೊಲೊರಾಡೋಗೆ ಹೋದರು. ಮಗ ಹುಟ್ಟಿದ್ದು ಅಲ್ಲೇ, ಕೊಲೊರಾಡೋ ಸ್ಪ್ರಿಂಗ್ಸ್‌ನಲ್ಲಿ, 1926ರ ಜುಲೈ 8ರಂದು. ತಂದೆ ಬದುಕುಳಿದರು. ಡೆಟ್ರಾಯಿಟ್‌ಗೆ ವಾಪಸ್ ಬಂದರು. 1932ರ ಚುನಾವಣೆಯಲ್ಲಿ, ಆರ್ಥಿಕ ಕುಸಿತ ನೆತ್ತಿಗೇರಿದ್ದ ಹೊತ್ತಿನಲ್ಲಿ, ರೂಸ್‌ವೆಲ್ಟ್ ಅಲೆಯೊಂದಿಗೆ ಗೆದ್ದು ವಾಷಿಂಗ್ಟನ್ನಿಗೆ ಹೋದರು. ಆಸ್ಪತ್ರೆ ಖರ್ಚು ಅಂದರೆ ಏನು ಅಂತ ಮೈಮೇಲೆ ಅನುಭವಿಸಿದ ಮನುಷ್ಯ ಅವರು. 1943ರಲ್ಲಿ ಸೆನೆಟರ್ ವ್ಯಾಗ್ನರ್ ಮತ್ತು ಸೆನೆಟರ್ ಮರ್ರೆ ಜೊತೆ ಸೇರಿ ಇಡೀ ದೇಶಕ್ಕೆ ಆರೋಗ್ಯ ವಿಮೆ ಕೊಡುವ ಮಸೂದೆ ತಂದರು. ಅದು ಪಾಸಾಗಲಿಲ್ಲ. ಮತ್ತೆ ತಂದರು. ಮತ್ತೆ ಬಿತ್ತು. 1955ರ ಸೆಪ್ಟೆಂಬರಿನಲ್ಲಿ ಅವರೇ ತೀರಿಕೊಂಡರು.

ಡಿಸೆಂಬರಿನಲ್ಲಿ ಉಪಚುನಾವಣೆ. ಮಗನಿಗೆ ಆಗ 29. ಜಾರ್ಜ್‌ಟೌನ್‌ನಲ್ಲಿ ಕೆಮಿಸ್ಟ್ರಿ ಓದಿ, ಆಮೇಲೆ ಕಾನೂನು ಓದಿ, ವೇಯ್ನ್ ಕೌಂಟಿಯಲ್ಲಿ ಸರ್ಕಾರಿ ವಕೀಲರ ಸಹಾಯಕರಾಗಿದ್ದರು. ನಿಂತರು, ಗೆದ್ದರು. ಮುಂದೆ ಒಂದೊಂದು ಹೊಸ ಕಾಂಗ್ರೆಸ್ ಶುರುವಾದಾಗಲೂ, ಅಂದರೆ ಎರಡು ವರ್ಷಕ್ಕೊಮ್ಮೆ, ತಂದೆಯ ಆ ರಾಷ್ಟ್ರೀಯ ಆರೋಗ್ಯ ವಿಮೆ ಮಸೂದೆಯನ್ನು ಮತ್ತೆ ಮಂಡಿಸುತ್ತಾ ಬಂದರು. 2009ರಲ್ಲೂ ಮಂಡಿಸಿದರು. ಆಗ ಅವರ ಕ್ಷೇತ್ರದ ಸಂಖ್ಯೆ 15, ಮಸೂದೆಯ ಸಂಖ್ಯೆಯೂ 15. ವಯಸ್ಸು 82.

ಇದನ್ನು ಮೊದಲು ಓದಿದಾಗ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಪಾಸಾಗುವುದಿಲ್ಲ ಅಂತ ಗೊತ್ತಿದ್ದೂ ಅಪ್ಪನ ಕಾಗದವನ್ನು ಐವತ್ತು ವರ್ಷ ಮೇಜಿನ ಮೇಲೆ ಇಡುವುದು ಅಂದರೆ ಸಾಮಾನ್ಯ ಮಾತಾ?

ನಿಜ ಹೇಳಬೇಕಂದರೆ ಆ ಸಭಾಂಗಣ ಅವರಿಗೆ ಮನೆಯಂಗಳದ ಹಾಗಿತ್ತು. ಹನ್ನೆರಡರ ವಯಸ್ಸಿನಿಂದಲೇ ಅಲ್ಲಿ ಪೇಜ್ ಆಗಿದ್ದರು. ಪೇಜ್ ಅಂದರೆ ಸದಸ್ಯರ ಕಾಗದ ಪತ್ರ ಒಯ್ಯುವ, ಹೇಳಿದ ಕೆಲಸಕ್ಕೆ ಓಡುವ ಹುಡುಗ. 1941ರ ಡಿಸೆಂಬರ್ 8ರಂದು, ಪರ್ಲ್ ಹಾರ್ಬರ್ ದಾಳಿಯ ಮರುದಿನ, ಅಧ್ಯಕ್ಷ ರೂಸ್‌ವೆಲ್ಟ್ ಯುದ್ಧ ಘೋಷಣೆ ಕೇಳಲು ಬಂದಾಗ ಈ ಹದಿನೈದರ ಹುಡುಗ ಅಲ್ಲೇ ಇದ್ದ. ರೇಡಿಯೋ ವರದಿಗಾರ ಫುಲ್ಟನ್ ಲೂಯಿಸ್ ರೆಕಾರ್ಡಿಂಗ್ ಯಂತ್ರ ತಂದಿದ್ದರು. ಅದರ ಮೇಲೆ ಕಣ್ಣಿಡುವುದು ಹುಡುಗನ ಕೆಲಸ. ಅಧ್ಯಕ್ಷರ ಭಾಷಣ ಮುಗಿದ ಕೂಡಲೇ ರೆಕಾರ್ಡಿಂಗ್ ನಿಲ್ಲಬೇಕಿತ್ತು. ಹುಡುಗ ನಿಲ್ಲಿಸಲು ಬಿಡಲಿಲ್ಲ. ಯಂತ್ರ ಓಡುತ್ತಲೇ ಇತ್ತು. ಹಾಗಾಗಿ ಆಮೇಲಿನ ಚರ್ಚೆಯೂ ದಾಖಲಾಯಿತು. 388 ಜನ ಯುದ್ಧಕ್ಕೆ ಹೂಂ ಅಂದರು. ಬೇಡ ಅಂದದ್ದು ಮೊಂಟಾನಾದ ಜೆನೆಟ್ ರಾಂಕಿನ್ ಒಬ್ಬರೇ. ಅವರು ಮಾತಾಡಲು ಎದ್ದರೆ ಸ್ಪೀಕರ್ ಅವಕಾಶವೇ ಕೊಡಲಿಲ್ಲ. ಆ ಗದ್ದಲ ನಮಗೆ ಕೇಳಲು ಉಳಿದದ್ದು ಒಬ್ಬ ಹುಡುಗ ಯಂತ್ರ ಆರಿಸದೇ ಬಿಟ್ಟದ್ದರಿಂದ.

ಮೂರು ವರ್ಷದ ನಂತರ ಆ ಹುಡುಗನೇ ಸೈನ್ಯಕ್ಕೆ ಹೋದ. ಜಪಾನಿನ ಮೇಲೆ ದಾಳಿಗೆ ಹೋಗುವ ಸರದಿ ಅವನದ್ದೂ ಇತ್ತು. ಅಷ್ಟರಲ್ಲಿ ಯುದ್ಧ ಮುಗಿಯಿತು.

ಈಗ 1964ಕ್ಕೆ ಬರುತ್ತೇನೆ, ಯಾಕೆಂದರೆ ನಾನಿರುವ ಊರು ಆ ಕಥೆಯಲ್ಲಿದೆ. ಆ ವರ್ಷ ನಾಗರಿಕ ಹಕ್ಕುಗಳ ಕಾಯ್ದೆ ಕೆಳಮನೆಯ ಮುಂದೆ ಬಂತು. ಹೋಟೆಲು, ಕೆಲಸ, ಸಾರ್ವಜನಿಕ ಜಾಗ, ಎಲ್ಲೂ ಬಣ್ಣ ನೋಡಿ ಭೇದ ಮಾಡಬಾರದು ಅನ್ನುವ ಕಾಯ್ದೆ. ಡಿಂಗೆಲ್ ಪರವಾಗಿ ಮತ ಹಾಕಿದರು. ಅದೇ ವರ್ಷ ಕ್ಷೇತ್ರಗಳ ಗಡಿ ಬದಲಾಯಿತು. ಪಕ್ಷದ ಅಭ್ಯರ್ಥಿ ಯಾರು ಅಂತ ತೀರ್ಮಾನಿಸುವ ಒಳಚುನಾವಣೆಯಲ್ಲಿ ಅವರದೇ ಡೆಮಾಕ್ರಟಿಕ್ ಪಕ್ಷದ ಜಾನ್ ಲೆಸಿನ್‌ಸ್ಕಿ ಅವರ ಎದುರು ನಿಲ್ಲಬೇಕಾಯಿತು. ಲೆಸಿನ್‌ಸ್ಕಿಯೂ ಪೋಲಿಷ್ ಮೂಲದವರು, ಅವರ ತಂದೆಯೂ ಕಾಂಗ್ರೆಸ್ ಸದಸ್ಯರಾಗಿದ್ದವರು. ಆದರೆ ಅವರು ಕಾಯ್ದೆಯ ವಿರುದ್ಧ ಮತ ಹಾಕಿದ್ದರು. ಹೊಸ ಕ್ಷೇತ್ರದಲ್ಲಿ ಡಿಯರ್‌ಬಾರ್ನ್ ಇತ್ತು. ಆಗಿನ ಡಿಯರ್‌ಬಾರ್ನ್ ಮೇಯರ್ ಓರ್ವಿಲ್ ಹಬ್ಬರ್ಡ್, ಕಪ್ಪು ಜನರು ನನ್ನ ಊರಿಗೆ ಬರುವುದು ಬೇಡ ಅಂತ ಬಹಿರಂಗವಾಗಿ ಹೇಳಿಕೊಂಡು ಗೆಲ್ಲುತ್ತಿದ್ದ ಮನುಷ್ಯ. ಅಂಥ ಊರಿನ ಬೀದಿಗಳಲ್ಲಿ ಓಟು ಕೇಳಬೇಕಿತ್ತು. ಕೇಳಿದರು. ಗೆದ್ದರು. ತನ್ನ ಸಾವಿರಾರು ಮತಗಳಲ್ಲಿ ಅತಿ ಮುಖ್ಯವಾದದ್ದು ಆ ಒಂದು ಮತ ಅಂತ ಕೊನೆಯವರೆಗೂ ಹೇಳುತ್ತಿದ್ದರು.

ಇವತ್ತು ಅದೇ ಡಿಯರ್‌ಬಾರ್ನ್‌ನಲ್ಲಿ ಅರಬ್ ಮೂಲದವರು ತುಂಬಿಕೊಂಡಿದ್ದಾರೆ. ನಾನೂ ಇಲ್ಲೇ ದುಡಿಯುತ್ತೇನೆ. ಈ ಬೀದಿಯಲ್ಲಿ ನಡೆಯುವಾಗ ಒಮ್ಮೊಮ್ಮೆ ಆ 1964ರ ಚುನಾವಣೆ ನೆನಪಾಗುತ್ತದೆ.

ಮಾರನೇ ವರ್ಷ, 1965ರ ಏಪ್ರಿಲ್ 8ರಂದು, ಮೆಡಿಕೇರ್ ಮಸೂದೆ ಕೆಳಮನೆಯಲ್ಲಿ ಪಾಸಾಯಿತು. ಪರ 313, ವಿರುದ್ಧ 115. ಆ ದಿನ ಸಭಾಪತಿ ಪೀಠದಲ್ಲಿ ಕೂರಲು ಕರೆದದ್ದು ಡಿಂಗೆಲ್ ಅವರನ್ನು. ಅಪ್ಪ ಕೇಳಿದ್ದು ಎಲ್ಲರಿಗೂ ವಿಮೆ. ಸಿಕ್ಕಿದ್ದು ವಯಸ್ಸಾದವರಿಗೆ ಮಾತ್ರ. ಆದರೂ ಸಿಕ್ಕಿತಲ್ವಾ. ಮರದ ಸುತ್ತಿಗೆ ಬಡಿದು ಮುಗಿಸಿದ ಕೈ ಮಗನದ್ದು. ಆ ಸುತ್ತಿಗೆಯನ್ನು ಜೋಪಾನವಾಗಿ ಇಟ್ಟುಕೊಂಡರು. ಜುಲೈ 30ರಂದು ಅಧ್ಯಕ್ಷ ಜಾನ್ಸನ್ ಮಿಸೌರಿಯ ಇಂಡಿಪೆಂಡೆನ್ಸ್ ಪಟ್ಟಣಕ್ಕೇ ಹೋಗಿ, ಮುದುಕರಾಗಿದ್ದ ಮಾಜಿ ಅಧ್ಯಕ್ಷ ಟ್ರೂಮನ್ ಪಕ್ಕದಲ್ಲಿ ಕೂತು ಸಹಿ ಹಾಕಿದರು. ಮೊದಲ ಮೆಡಿಕೇರ್ ಕಾರ್ಡು ಟ್ರೂಮನ್ ಅವರಿಗೇ.

ಬಿಲ್ಲಿಂಗ್‌ನಲ್ಲಿರುವ ನನಗೆ ಇನ್ನೊಂದು ಸಂಗತಿ ತುಂಬಾ ದೊಡ್ಡದಾಗಿ ಕಾಣುತ್ತದೆ. 1964ರ ಕಾಯ್ದೆಯಲ್ಲಿ ಒಂದು ಭಾಗ ಇತ್ತು: ಕೇಂದ್ರ ಸರ್ಕಾರದ ದುಡ್ಡು ತೆಗೆದುಕೊಳ್ಳುವವರು ಬಣ್ಣ ನೋಡಿ ಭೇದ ಮಾಡುವಂತಿಲ್ಲ. 1966ರಲ್ಲಿ ಮೆಡಿಕೇರ್ ಜಾರಿಗೆ ಬಂದಾಗ ಆಸ್ಪತ್ರೆಗಳಿಗೆ ಆ ದುಡ್ಡು ಬೇಕಾಗಿತ್ತು. ಹಾಗಾಗಿ ಬಿಳಿಯರ ವಾರ್ಡು, ಕಪ್ಪು ಜನರ ವಾರ್ಡು ಅಂತ ಬೇರೆ ಬೇರೆ ಇಟ್ಟಿದ್ದ ಎಷ್ಟೋ ಆಸ್ಪತ್ರೆಗಳು ಕೆಲವೇ ತಿಂಗಳಲ್ಲಿ ಗೋಡೆ ಕೆಡವಬೇಕಾಯಿತು. ಒಂದು ಕ್ಲೈಮು ಪಾವತಿಯಾಗಬೇಕು ಅನ್ನುವ ಲೆಕ್ಕಾಚಾರ ಅಷ್ಟು ಕೆಲಸ ಮಾಡಿತು. ನಾನು ದಿನಾ ಕಳಿಸುವ ಕ್ಲೈಮುಗಳ ಹಿಂದೆ ಇದೆಲ್ಲ ಇದೆ ಅಂತ ಗೊತ್ತಾದ ಮೇಲೆ ನನ್ನ ಕೆಲಸವೇ ಬೇರೆ ಥರ ಕಂಡಿತು.

1981ರಲ್ಲಿ ಡಿಂಗೆಲ್ ಕೆಳಮನೆಯ ಎನರ್ಜಿ ಅಂಡ್ ಕಾಮರ್ಸ್, ಅಂದರೆ ಇಂಧನ ಮತ್ತು ವಾಣಿಜ್ಯ ಸಮಿತಿಯ ಅಧ್ಯಕ್ಷರಾದರು. ಆರು ಅಡಿ ಮೂರು ಇಂಚು ಎತ್ತರದ ಆಳು, ಗುಡುಗಿನ ದನಿ. ನಿಮ್ಮ ಸಮಿತಿಯ ವ್ಯಾಪ್ತಿ ಎಲ್ಲಿಯವರೆಗೆ ಅಂತ ಕೇಳಿದವರಿಗೆ ಗೋಡೆಯ ಮೇಲಿನ ಭೂಮಿಯ ಚಿತ್ರ ತೋರಿಸುತ್ತಿದ್ದರಂತೆ. ಸರ್ಕಾರಿ ಇಲಾಖೆಗಳಿಗೆ ಪ್ರಶ್ನೆಗಳ ಉದ್ದುದ್ದ ಪತ್ರ ಬರೆಯುತ್ತಿದ್ದರು. ಆ ಪತ್ರಕ್ಕೆ ಡಿಂಗೆಲ್‌ಗ್ರಾಮ್ ಅಂತಲೇ ಹೆಸರು ಬಿದ್ದಿತ್ತು. ಜೆನೆರಿಕ್ ಔಷಧಿ ಕಂಪನಿಗಳು ಔಷಧ ಇಲಾಖೆಯವರಿಗೆ ಲಂಚ ಕೊಟ್ಟದ್ದು ಹೊರಗೆ ಬಂದದ್ದು ಅವರ ತನಿಖೆಯಿಂದ. ಯುದ್ಧ ಸಾಮಗ್ರಿ ಮಾರುವವರು ಸರ್ಕಾರಕ್ಕೆ ತೋರಿಸಿದ ಸುಳ್ಳು ಖರ್ಚನ್ನೂ ಕೆದಕಿದರು.

ಆದರೆ ಆ ಗಡಸುತನ ಎಲ್ಲ ಸಲವೂ ಸರಿಯಾದ ಕಡೆ ಬೀಳಲಿಲ್ಲ. ತೆರೆಜಾ ಇಮಾನಿಶಿ-ಕಾರಿ ಅನ್ನುವ ವಿಜ್ಞಾನಿ ಪ್ರಯೋಗದ ಅಂಕಿಅಂಶ ತಿದ್ದಿದ್ದಾರೆ ಅನ್ನುವ ಆರೋಪವನ್ನು ಅವರ ಸಮಿತಿ ವರ್ಷಗಟ್ಟಲೆ ಎಳೆಯಿತು. 1996ರಲ್ಲಿ ಮೇಲ್ಮನವಿ ಮಂಡಳಿ ಅವರನ್ನು ನಿರ್ದೋಷಿ ಅಂದಿತು. ಅಷ್ಟರಲ್ಲಿ ಆಕೆಯ ಹತ್ತು ವರ್ಷ ಹೋಗಿತ್ತು. ಡಿಂಗೆಲ್ ಅವರನ್ನು ಇಷ್ಟಪಡುವ ನನಗೆ ಈ ಪುಟ ಓದುವಾಗ ಸಂಕಟವಾಗುತ್ತದೆ. ಹಾಗಂತ ಬಿಟ್ಟು ಓದಲು ಮನಸ್ಸು ಒಪ್ಪುವುದಿಲ್ಲ.

ಇನ್ನೊಂದು ಸಂಕಟ ಕಾರುಗಳದ್ದು. ಡೆಟ್ರಾಯಿಟ್ ಪ್ರತಿನಿಧಿ ಅಂದರೆ ಕಾರಿನ ಪ್ರತಿನಿಧಿ. ಹೊಗೆಯ ಮಿತಿ ಬಿಗಿ ಮಾಡುವ, ಮೈಲೇಜ್ ಜಾಸ್ತಿ ಕೇಳುವ ಕಾನೂನು ಬಂದಾಗ ಎಷ್ಟೋ ಸಲ ಅವರು ಅಡ್ಡ ನಿಂತರು. ಸ್ವಚ್ಛ ಗಾಳಿ ಕಾಯ್ದೆಯ ತಿದ್ದುಪಡಿ 1980ರ ದಶಕದ ಉದ್ದಕ್ಕೂ ಹಾಗೇ ಕೂತಿತ್ತು. ಕ್ಯಾಲಿಫೋರ್ನಿಯಾದ ಹೆನ್ರಿ ವ್ಯಾಕ್ಸ್‌ಮನ್ ಒಂದು ಕಡೆ, ಇವರು ಒಂದು ಕಡೆ. ಒಂದೇ ಪಕ್ಷ, ಒಂದೇ ಸಮಿತಿ. ಕೊನೆಗೆ 1990ರಲ್ಲಿ ಇಬ್ಬರೂ ರಾಜಿಯಾದ ಮೇಲೇ ಕಾನೂನು ಆಯಿತು. 2008ರ ನವೆಂಬರಿನಲ್ಲಿ ವ್ಯಾಕ್ಸ್‌ಮನ್ ಅವರೇ ಸಮಿತಿಯ ಅಧ್ಯಕ್ಷ ಸ್ಥಾನಕ್ಕೆ ಸವಾಲು ಹಾಕಿದರು. 137 ಮತ ವ್ಯಾಕ್ಸ್‌ಮನ್‌ಗೆ, 122 ಡಿಂಗೆಲ್‌ಗೆ.

ನನ್ನ ಕೌಂಟರಿಗೆ ಆಸ್ತಮಾದವರು ಬರುತ್ತಾರೆ. ಇನ್‌ಹೇಲರಿನ ಬಿಲ್ಲು ಕೈಯಲ್ಲಿ ಹಿಡಿದ ಚಿಕ್ಕ ಮಕ್ಕಳ ತಾಯಂದಿರು ಬರುತ್ತಾರೆ. ದಕ್ಷಿಣ ಡಿಯರ್‌ಬಾರ್ನ್‌ನ ಗಾಳಿ ಕೆಟ್ಟದ್ದು ಅಂತ ಇಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಅವರ ಹಿಂದೆಯೇ ಸಾಲಿನಲ್ಲಿ ರೂಜ್ ಕಾರ್ಖಾನೆಯ ಪಿಂಚಣಿಯಿಂದ ಬದುಕುವ ಅಜ್ಜ ನಿಂತಿರುತ್ತಾರೆ. ಇಬ್ಬರೂ ಡಿಂಗೆಲ್ ಅವರ ಜನ. ಅವರು ಅಜ್ಜನ ಕಡೆ ಜಾಸ್ತಿ ವಾಲಿದರು. ಅದು ತಪ್ಪಾಯಿತು ಅಂತಲೇ ನನಗೆ ಅನಿಸುತ್ತದೆ. ಗಾಳಿಯ ವಿಷಯದಲ್ಲಿ ಆ ಹತ್ತು ವರ್ಷ ಕಾಯಬಾರದಿತ್ತು.

ವಿಚಿತ್ರ ಅಂದರೆ ಕಾಡು, ನೀರು, ಪ್ರಾಣಿ ಅಂದರೆ ಇದೇ ಮನುಷ್ಯ ಪ್ರಾಣ ಬಿಡುತ್ತಿದ್ದರು. ಬೇಟೆ ಆಡುವವರು. ಕಚೇರಿಯ ಗೋಡೆ ತುಂಬಾ ತಾನು ಹೊಡೆದ ಪ್ರಾಣಿಗಳ ತಲೆಗಳು. ಅಳಿವಿನಂಚಿನ ಜೀವಿಗಳ ಕಾಯ್ದೆಯನ್ನು 1973ರಲ್ಲಿ ಕೆಳಮನೆಯಲ್ಲಿ ಮುನ್ನಡೆಸಿದವರೂ ಅವರೇ. ಅಂತಿಮ ಮತ 355ಕ್ಕೆ 4. ಇವತ್ತಿನ ವಾಷಿಂಗ್ಟನ್ ನೋಡಿದವರಿಗೆ ಆ ಅಂಕಿ ನಂಬಲೂ ಕಷ್ಟ. ಸಮುದ್ರ ಸಸ್ತನಿಗಳ ರಕ್ಷಣೆ, ಪರಿಸರ ನೀತಿ ಕಾಯ್ದೆ, ಇವುಗಳಲ್ಲೂ ಅವರ ಕೈಬರಹ ಇದೆ.

ಅದರ ಬೇರು ಡೆಟ್ರಾಯಿಟ್ ನದಿಯಲ್ಲಿತ್ತು. ಚಿಕ್ಕಂದಿನಲ್ಲಿ ತಂದೆ ಜೊತೆ ಬೇಟೆಗೆ, ಮೀನು ಹಿಡಿಯಲು ಹೋಗುತ್ತಿದ್ದ ನದಿ ಅದು. ಕಾರ್ಖಾನೆಗಳು ಎಣ್ಣೆಯನ್ನು ನೇರ ನೀರಿಗೆ ಬಿಡುತ್ತಿದ್ದ ಕಾಲ. 1948ರ ಚಳಿಗಾಲದಲ್ಲಿ ಎಣ್ಣೆ ಮೆತ್ತಿಕೊಂಡ ಸಾವಿರಾರು ಬಾತುಕೋಳಿಗಳು ಸತ್ತವು. ಸಿಟ್ಟಿಗೆದ್ದ ಬೇಟೆಗಾರರು ಆ ಹೆಣಗಳನ್ನು ಗಾಡಿಗೆ ತುಂಬಿ ರಾಜಧಾನಿ ಲ್ಯಾನ್ಸಿಂಗ್‌ಗೆ ಒಯ್ದು, ಶಾಸನಸಭೆಯ ಮುಂದಿನ ಹುಲ್ಲಿನ ಮೇಲೆ ಸುರಿದರು.

2001ರಲ್ಲಿ ಡಿಂಗೆಲ್ ಮುಂದೆ ನಿಂತು ಆ ನದಿಗೆ ಅಂತರರಾಷ್ಟ್ರೀಯ ವನ್ಯಜೀವಿ ಧಾಮದ ಮಾನ್ಯತೆ ಕೊಡಿಸಿದರು. ಒಂದು ದಡ ಅಮೆರಿಕ, ಇನ್ನೊಂದು ದಡ ಕೆನಡಾ. ಟ್ರೆಂಟನ್ ಊರಿನಲ್ಲಿ ಅದರ ಬಾಗಿಲು. ಆ ಜಾಗದಲ್ಲಿ ಮೊದಲು ಕ್ರೈಸ್ಲರ್ ಕಾರ್ಖಾನೆ ಇತ್ತು. ಈಗ ಅಲ್ಲಿ ಅವರ ಹೆಸರಿನ ಕಟ್ಟಡ ಇದೆ. ಪಕ್ಕದಲ್ಲೇ ಹಂಬಗ್ ಮಾರ್ಷ್ ಅನ್ನುವ ಜೌಗು. ಅಮೆರಿಕದ ಕಡೆಯ ದಡದಲ್ಲಿ ಯಾರೂ ಕಟ್ಟಡ ಕಟ್ಟದೇ ಉಳಿದ ಕೊನೆಯ ಒಂದು ಮೈಲಿ ಅದೇ.

ಭಾನುವಾರ ರಜೆ ಸಿಕ್ಕರೆ ನಾನು ಅಲ್ಲಿಗೆ ಹೋಗುತ್ತೇನೆ. ಹಳೇ ಓಕ್ ಮರಗಳ ನಡುವೆ ಮರದ ಹಲಗೆಯ ದಾರಿ. ಕೊನೆಯಲ್ಲಿ ಜೊಂಡು, ಅದರಾಚೆ ನೀರು. ಸೆಪ್ಟೆಂಬರ್ ಮಧ್ಯದಲ್ಲಿ ಹೋದರೆ ತಲೆ ಎತ್ತಿ ನಿಲ್ಲಬೇಕು. ದಕ್ಷಿಣಕ್ಕೆ ಹೊರಟ ಗಿಡುಗಗಳು ಸಾವಿರಗಟ್ಟಲೆ ಬರುತ್ತವೆ. ರೆಕ್ಕೆ ಬಡಿಯುವುದಿಲ್ಲ. ಬಿಸಿ ಗಾಳಿಯ ಮೇಲೆ ಸುತ್ತುತ್ತಾ ಸುತ್ತುತ್ತಾ ಮೇಲೇರಿ, ಚುಕ್ಕಿಯಾಗಿ, ಒಂದೇ ಸಾಲಿನಲ್ಲಿ ಜಾರಿ ಹೋಗುತ್ತವೆ. ಹೋದ ವರ್ಷ ನನ್ನ ಪಕ್ಕ ನಿಂತಿದ್ದ ಹುಡುಗಿ ಎಣಿಸಲು ಶುರು ಮಾಡಿ ಇನ್ನೂರಕ್ಕೆ ಸುಸ್ತಾಗಿ ಬಿಟ್ಟಳು.

2010ರ ಮಾರ್ಚ್ 21ರ ರಾತ್ರಿ ನಾನು ಟಿ.ವಿ. ಮುಂದೆ ಕೂತಿದ್ದೆ. ಆರೋಗ್ಯ ಸುಧಾರಣೆ ಮಸೂದೆಗೆ ಮತ. 219 ಪರ, 212 ವಿರುದ್ಧ. ಸ್ಪೀಕರ್ ನ್ಯಾನ್ಸಿ ಪೆಲೋಸಿ ಅವರ ಕೈಯಲ್ಲಿದ್ದ ಸುತ್ತಿಗೆ 1965ರದ್ದು. ಡಿಂಗೆಲ್ ಅದನ್ನು ಆ ರಾತ್ರಿಗೆಂದೇ ಕೊಟ್ಟಿದ್ದರು. ಎರಡು ದಿನ ಬಿಟ್ಟು ಒಬಾಮಾ ಸಹಿ ಹಾಕುವಾಗ ಅವರು ಮೇಜಿನ ಪಕ್ಕದಲ್ಲೇ ಕೂತಿದ್ದರು. ಅಪ್ಪನ ಮಸೂದೆ ಪೂರ್ತಿ ಆಗಲಿಲ್ಲ, ಇವತ್ತಿಗೂ ಆಗಿಲ್ಲ. ವಿಮೆಯಿಲ್ಲದವರು ನನ್ನ ಕೌಂಟರಿಗೆ ಈಗಲೂ ಬರುತ್ತಾರೆ. ಆದರೆ ಮೊದಲೇ ಇದ್ದ ಕಾಯಿಲೆ ಅಂತ ಹೇಳಿ ವಿಮೆ ಕಂಪನಿ ಬಾಗಿಲು ಹಾಕುವುದು ನಿಂತಿತು. ಆ ಬದಲಾವಣೆಯನ್ನು ನಾನು ಕಂಪ್ಯೂಟರ್ ಪರದೆಯ ಮೇಲೆ ಕಣ್ಣಾರೆ ಕಂಡಿದ್ದೇನೆ.

ನಾನು ಪೌರತ್ವ ಪಡೆದು ಹಾಕಿದ ಮೊದಲ ಓಟು 2012ರಲ್ಲಿ. ಅದು ಅವರ ಕೊನೆಯ ಚುನಾವಣೆ ಅಂತ ಆಗ ಗೊತ್ತಿರಲಿಲ್ಲ. 2014ರ ಫೆಬ್ರುವರಿಯಲ್ಲಿ ಸಾಕು ಅಂದರು. ಈಗಿನ ಸಭೆಯ ಜಗಳ ನೋಡಿ ಬೇಸರವಾಗಿದೆ ಅಂತ ಮುಚ್ಚುಮರೆಯಿಲ್ಲದೆ ಹೇಳಿದರು. ಅವರ ಜಾಗಕ್ಕೆ ಗೆದ್ದು ಬಂದದ್ದು ಹೆಂಡತಿ ಡೆಬ್ಬಿ ಡಿಂಗೆಲ್. 1933ರಿಂದ ಆ ಕುಟುಂಬದವರು ಒಬ್ಬರಾದ ಮೇಲೆ ಒಬ್ಬರು ಕೆಳಮನೆಯಲ್ಲಿದ್ದಾರೆ. ಒಂದೇ ಮನೆತನ ಇಷ್ಟು ವರ್ಷವಾ ಅಂತ ನನ್ನ ಜೊತೆ ಕೆಲಸ ಮಾಡುವವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಹೊಸಬರಿಗೆ ಜಾಗ ಸಿಗಬೇಕು, ನಾನೂ ಒಪ್ಪುತ್ತೇನೆ. ಆದರೆ 1943ರಲ್ಲಿ ಶುರುವಾದ ಕೆಲಸ 2010ರವರೆಗೆ ಎಳೆಯಿತು. ಅದನ್ನು ಮರೆಯದೇ ನೆನಪಿಟ್ಟುಕೊಂಡವರು ಒಬ್ಬರಾದರೂ ಒಳಗೆ ಇದ್ದದ್ದು ಒಳ್ಳೆಯದಾಯಿತು.

2019ರ ಫೆಬ್ರುವರಿ 7, ಗುರುವಾರ, ಡಿಯರ್‌ಬಾರ್ನ್‌ನ ಮನೆಯಲ್ಲಿ ತೀರಿಕೊಂಡರು. 92 ವರ್ಷ. ಅದೇ ದಿನ ಹಾಸಿಗೆಯಲ್ಲಿ ಮಲಗಿಯೇ ಹೆಂಡತಿಗೆ ಹೇಳಿ ಬರೆಸಿದ ಮಾತುಗಳು ವಾಷಿಂಗ್ಟನ್ ಪೋಸ್ಟ್‌ನಲ್ಲಿ ಬಂದವು. ಇಂಥವರ ಹತ್ತಿರ ಅಧಿಕಾರ ಇದೆ ಅಂತ ಜನ ಹೇಳುವುದು ಅವರಿಗೆ ಯಾವತ್ತೂ ಹಿಡಿಸುತ್ತಿರಲಿಲ್ಲವಂತೆ. ಅಧಿಕಾರ ನಮ್ಮದಲ್ಲ, ಜನ ನಂಬಿ ನಮ್ಮ ಕೈಯಲ್ಲಿ ಇಟ್ಟದ್ದು ಅನ್ನುವುದು ಅವರ ಮಾತು.

ಸೋಮವಾರ ಫೋರ್ಡ್ ಕಮ್ಯುನಿಟಿ ಸೆಂಟರಿನಲ್ಲಿ ಅಂತಿಮ ದರ್ಶನ. ಕೆಲಸ ಮುಗಿಸಿ ಕೋಟು ಹಾಕಿಕೊಂಡೇ ಹೋದೆ. ಸಾಲಿನಲ್ಲಿ ಯೂನಿಯನ್ ಜಾಕೆಟ್ ಹಾಕಿದ ಮುದುಕರಿದ್ದರು. ಹಿಜಾಬ್ ತೊಟ್ಟ ಹೆಣ್ಣುಮಕ್ಕಳಿದ್ದರು. ವಾಕರ್ ಹಿಡಿದು ಒಂದೊಂದೇ ಹೆಜ್ಜೆ ಇಡುತ್ತಿದ್ದವರಿದ್ದರು. ಮರುದಿನ ಅಂತ್ಯಕ್ರಿಯೆಯ ಹೊತ್ತಿಗೆ ಹಿಮದ ಮಳೆ. ರಸ್ತೆ ಗಾಜಿನ ಹಾಗಾಗಿತ್ತು. ವಾಷಿಂಗ್ಟನ್ನಿನಿಂದ ಕಾಂಗ್ರೆಸ್ ಸದಸ್ಯರನ್ನು ಹೊತ್ತು ತಂದ ವಿಮಾನ ಇಳಿಯಲಾಗದೆ ಮೇಲಿಂದಲೇ ವಾಪಸ್ ಹೋಯಿತು.

ಆ ದಿನ ನನಗೆ ರಜೆ ಇರಲಿಲ್ಲ. ಹಿಮದಿಂದಾಗಿ ಆಸ್ಪತ್ರೆಗೆ ಬಂದವರು ಕಡಿಮೆ. ಹನ್ನೊಂದು ಗಂಟೆ ಹೊತ್ತಿಗೆ ಒಬ್ಬ ಅಜ್ಜಿ ಮೊಮ್ಮಗನ ತೋಳು ಹಿಡಿದು ನಿಧಾನಕ್ಕೆ ಬಂದರು. ಜಾರಿ ಬಿದ್ದು ಮಣಿಕಟ್ಟು ಊದಿಕೊಂಡಿತ್ತು. ಎಡಗೈಯಲ್ಲೇ ಪರ್ಸಿನ ಜಿಪ್ ಎಳೆಯಲು ಒದ್ದಾಡಿದರು. ನಾನು ಎದ್ದು ಈಚೆ ಬಂದು ಜಿಪ್ ಎಳೆದುಕೊಟ್ಟೆ. ಕಾರ್ಡು ಅವರೇ ಹುಡುಕಿ ತೆಗೆದರು.